ಆಯಿಷಾ: ಮಗಳಿಗೆ ಅರಬ್ಬಿ ಹೆಸರಿಡುವ ಮುನ್ನ ಅದರ ಅರ್ಥ, ಮೂಲ, ಹರವು ತಿಳಿಯುವ ಬಗೆ

ದಕ್ಷಿಣ ಕನ್ನಡದ ಸರಕಾರಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಹಾಜರಿ ಕರೆದವಳು ನಾನು. ಆ ಪುಸ್ತಕದಲ್ಲಿ ಆಯಿಷಾ ಇಲ್ಲದ ವರ್ಷವೊಂದು ನನಗೆ ನೆನಪಿಲ್ಲ. ಕೆಲವೊಮ್ಮೆ ಒಂದೇ ತರಗತಿಯಲ್ಲಿ ಮೂವರು ಇರುತ್ತಿದ್ದರು. ಒಬ್ಬಳು ಆಯಿಷಾ, ಇನ್ನೊಬ್ಬಳು ಆಯಿಶತ್, ಮತ್ತೊಬ್ಬಳು ಆಯೇಷಾ. ಅವರನ್ನು ಕರೆದುಕೊಂಡು ಹೋಗಲು ಬರುವ ಅಜ್ಜಿಯ ಹೆಸರು ಕೇಳಿದರೆ ಐಸಮ್ಮ. ನಾಲ್ಕೂ ಒಂದೇ ಹೆಸರು ಎಂದು ಗೊತ್ತಾದ ದಿನ ನನಗೆ ಆದ ಸಂತೋಷ ಇವತ್ತಿಗೂ ಮಾಸಿಲ್ಲ. ಅರಬ್ಬಿ ಲಿಪಿಯನ್ನೂ ವ್ಯಾಕರಣದ ಮೊದಲ ಪಾಠಗಳನ್ನೂ ನಾನು ಕಲಿತದ್ದು ಈ ಮಕ್ಕಳ ಹೆಸರನ್ನು ತಪ್ಪಿಲ್ಲದೆ ಬರೆಯಬೇಕು ಎಂಬ ಹಟದಿಂದ.

ನಿವೃತ್ತಿಯಾದ ಮೇಲೂ ಮಗು ಹುಟ್ಟಿದ ಮನೆಯವರು ಬಂದು ಕೇಳುತ್ತಾರೆ: “ಟೀಚರ್, ಮೊಬೈಲಿನಲ್ಲಿ ಒಂದೊಂದು ಕಡೆ ಒಂದೊಂದು ಅರ್ಥ ಇದೆ. ಯಾವುದನ್ನು ನಂಬುವುದು?” ಅವರಿಗೆ ನಾನು ಒಂದು ಅರ್ಥ ಹೇಳಿ ಕಳಿಸುವುದಿಲ್ಲ. ಹುಡುಕುವ ದಾರಿಯನ್ನು ಹೇಳಿಕೊಡುತ್ತೇನೆ. ದಾರಿ ಗೊತ್ತಾದರೆ ಎರಡನೆಯ ಮಗುವಿಗೆ ನನ್ನ ಅಗತ್ಯ ಬೀಳುವುದಿಲ್ಲ. ಆ ದಾರಿಯನ್ನೇ ಇಲ್ಲಿ ಆಯಿಷಾ ಎಂಬ ಒಂದೇ ಹೆಸರನ್ನು ಹಿಡಿದುಕೊಂಡು ನಡೆದು ತೋರಿಸುತ್ತೇನೆ. ನೀವು ಆರಿಸಿಕೊಂಡ ಹೆಸರು ಬೇರೆಯಾದರೂ ಹೆಜ್ಜೆಗಳು ಇವೇ.

ಮೊದಲ ಹೆಜ್ಜೆ: ಹೆಸರನ್ನು ಅರಬ್ಬಿ ಅಕ್ಷರದಲ್ಲಿ ಬರೆಸಿಕೊಳ್ಳಿ

ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ಅರಬ್ಬಿ ಹೆಸರಿನಿಂದ ಅರ್ಥ ತೆಗೆಯಲು ಹೊರಡಬೇಡಿ. ಮದ್ರಸದ ಉಸ್ತಾದರ ಹತ್ತಿರವೋ ಅರಬ್ಬಿ ಓದಬಲ್ಲ ಹಿರಿಯರ ಹತ್ತಿರವೋ ಒಂದು ಚೀಟಿಯಲ್ಲಿ ಹೆಸರನ್ನು ಅರಬ್ಬಿಯಲ್ಲಿ ಬರೆಸಿಕೊಳ್ಳಿ. ಉಳಿದ ಎಲ್ಲ ಕೆಲಸವೂ ಆ ಚೀಟಿಯಿಂದಲೇ ಶುರುವಾಗಬೇಕು.

ಏಕೆಂದರೆ ಅರಬ್ಬಿಯ ಹಲವು ಧ್ವನಿಗಳಿಗೆ ನಮ್ಮಲ್ಲಿ ಅಕ್ಷರ ಇಲ್ಲ. ಗಂಟಲಿನ ಆಳದಿಂದ ಬರುವ ‘ಐನ್’ ಒಂದು ವ್ಯಂಜನ. ಕನ್ನಡಕ್ಕೆ ಬರುವಾಗ ಅದು ಬರೀ ‘ಅ’ ಅಥವಾ ‘ಆ’ ಆಗಿಬಿಡುತ್ತದೆ. ‘ಸೀನ್’, ‘ಸಾದ್’, ‘ಸಾ’ ಎಂಬ ಮೂರು ಬೇರೆ ಬೇರೆ ಅಕ್ಷರಗಳು ನಮ್ಮ ಕೈಯಲ್ಲಿ ಒಂದೇ ‘ಸ’ ಆಗುತ್ತವೆ. ಇದರಿಂದ ಎಷ್ಟು ದೊಡ್ಡ ತಪ್ಪಾಗಬಹುದು ಎನ್ನುವುದಕ್ಕೆ ಆಸಿಯಾ ಎಂಬ ಹೆಸರನ್ನು ನೋಡಿ. ಅರಬ್ಬಿಯ ಮೊದಲ ಅಕ್ಷರವಾದ ಅಲಿಫನ್ನು ದೀರ್ಘವಾಗಿಸಿ, ಸೀನ್ ಹಾಕಿ ಬರೆದರೆ ಅದು ಇಸ್ಲಾಮೀ ಪರಂಪರೆಯಲ್ಲಿ ಬಹು ಗೌರವದ ಹೆಸರು. ಮೂಸಾ ಅವರನ್ನು ಸಾಕಿದ ಫರೋಹನ ಪತ್ನಿಯದು. ಐನ್ ಮತ್ತು ಸಾದ್ ಹಾಕಿ ಬರೆದರೆ ‘ಮಾತು ಮೀರುವವಳು’ ಎಂಬ ಅರ್ಥ. ಖಲೀಫ ಉಮರ್ ಅವರ ಮಗಳೊಬ್ಬಳಿಗೆ ಈ ಎರಡನೆಯ ಹೆಸರಿತ್ತು, ಪ್ರವಾದಿ ಮುಹಮ್ಮದರು ಅದನ್ನು ಜಮೀಲಾ ಎಂದು ಬದಲಿಸಿದರು ಎಂದು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ (ಹದೀಸ್ ಎಂದರೆ ಪ್ರವಾದಿಯವರ ನಡೆನುಡಿಯ ವರದಿ). ಕನ್ನಡದಲ್ಲಿ ಬರೆದರೆ ಎರಡೂ ಆಸಿಯಾ. ಹಾಗೆಯೇ ಸನಾ ಎಂಬುದು ಒಂದು ಕಾಗುಣಿತದಲ್ಲಿ ಹೊಳಪು, ಇನ್ನೊಂದರಲ್ಲಿ ಹೊಗಳಿಕೆ. ಅಮಲ್ ಅಲಿಫ್‌ನಿಂದ ಶುರುವಾದರೆ ಭರವಸೆ, ಐನ್‌ನಿಂದ ಶುರುವಾದರೆ ಕೆಲಸ. ಚೀಟಿ ಬರೆಸಿಕೊಳ್ಳಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಆಯಿಷಾ ಎಂಬುದರಲ್ಲಿ ಐದು ಅಕ್ಷರಗಳು ಕಾಣುತ್ತವೆ: ಐನ್, ಅಲಿಫ್, ಹಮ್ಝಾ, ಶೀನ್, ಕೊನೆಗೆ ತಾ ಮರ್ಬೂತಾ. ಹಮ್ಝಾ ಎಂದರೆ ಎರಡು ಸ್ವರಗಳ ನಡುವೆ ಗಂಟಲು ಒಂದು ಕ್ಷಣ ತಡೆದು ನಿಲ್ಲುವ ಧ್ವನಿ. ತಾ ಮರ್ಬೂತಾ ಸಾಮಾನ್ಯವಾಗಿ ಸ್ತ್ರೀಲಿಂಗದ ಗುರುತು. ಮಾತು ಅಲ್ಲಿಗೇ ನಿಂತರೆ ‘ಆ’ ಎಂದು ಕೇಳುತ್ತದೆ, ಮುಂದಿನ ಪದಕ್ಕೆ ಕೂಡಿಕೊಂಡರೆ ‘ತ್’ ಎಂದು ಕೇಳುತ್ತದೆ. ಮಂಗಳೂರು, ಕಾಸರಗೋಡು ಕಡೆಯ ಆಯಿಶತ್, ಫಾತಿಮತ್, ಖದೀಜತ್‌ಗಳ ಕೊನೆಯ ‘ತ್’ ಇದೇ. ಹೊರಗಿನವರು ಅದನ್ನು ಹಳ್ಳಿಯ ಉಚ್ಚಾರದ ತಪ್ಪು ಎಂದುಕೊಳ್ಳುವುದನ್ನು ಕೇಳಿದ್ದೇನೆ. ಅದು ತಪ್ಪಲ್ಲ, ಬರವಣಿಗೆಯಲ್ಲಿರುವ ಅಕ್ಷರವೊಂದನ್ನು ನಮ್ಮ ಕರಾವಳಿ ಕೈಬಿಡದೆ ಉಳಿಸಿಕೊಂಡಿದೆ.

ಎರಡನೆಯ ಹೆಜ್ಜೆ: ಬೇರನ್ನು ಹಿಡಿಯಿರಿ

ಅರಬ್ಬಿಯ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಒಂದು ಬೇರಿನಿಂದ ಹುಟ್ಟುತ್ತವೆ. ಅರಬ್ಬಿ ನಿಘಂಟುಗಳನ್ನು ಜೋಡಿಸಿರುವುದೂ ಸಾಮಾನ್ಯವಾಗಿ ಬೇರಿನ ಕ್ರಮದಲ್ಲಿ. ಆದ್ದರಿಂದ ನಿಘಂಟಿನಲ್ಲಿ ಆಯಿಷಾ ಎಂದು ಹುಡುಕಿದರೆ ಸಿಗದೇ ಹೋಗಬಹುದು. ಐನ್–ಯಾ–ಶೀನ್ ಎಂಬ ಬೇರಿನಡಿ ಹುಡುಕಬೇಕು. ಇಂಗ್ಲಿಷ್ ಬರುವವರಿಗೆ ಹಾನ್ಸ್ ವೇರ್ ಅವರ ಅರಬ್ಬಿ ನಿಘಂಟು ಸಾಕಷ್ಟಾಯಿತು. ಇನ್ನೂ ಆಳಕ್ಕೆ ಇಳಿಯುವವರಿಗೆ ಹತ್ತೊಂಬತ್ತನೆಯ ಶತಮಾನದ ಎಡ್ವರ್ಡ್ ಲೇನ್ ಅವರ ಮಹಾಕೋಶ ಇದೆ.

ಈ ಬೇರಿನ ಅರ್ಥ ಬದುಕು. ‘ಆಶ’ ಎಂದರೆ ಬದುಕಿದನು, ‘ಯಈಶು’ ಎಂದರೆ ಬದುಕುತ್ತಾನೆ, ‘ಮಈಶಾ’ ಎಂದರೆ ಜೀವನೋಪಾಯ. ಕುರ್‌ಆನಿನ 78ನೆಯ ಅಧ್ಯಾಯದಲ್ಲಿ ಹಗಲನ್ನು ‘ಮಆಶ್’ ಆಗಿ ಮಾಡಿದೆವು, ಅಂದರೆ ದುಡಿದು ಬದುಕುವ ಹೊತ್ತಾಗಿ ಮಾಡಿದೆವು ಎಂಬ ಮಾತಿದೆ. ತುರ್ಕಿಯಲ್ಲಿ ಸಂಬಳಕ್ಕೆ ‘ಮಾಶ್’ ಎನ್ನುವುದೂ ಇದೇ ಪದದಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈಜಿಪ್ಟಿನ ಮಾತು. ಅಲ್ಲಿ ರೊಟ್ಟಿಗೆ ‘ಐಶ್’ ಎನ್ನುತ್ತಾರೆ. ಬೇರೆ ಅರಬ್ ನಾಡುಗಳಲ್ಲಿ ರೊಟ್ಟಿಗೆ ‘ಖುಬ್ಝ್’ ಎಂಬ ಪದವಿದ್ದರೆ ನೈಲ್ ನದಿಯ ದಡದವರು ರೊಟ್ಟಿಯನ್ನೇ ಬದುಕು ಎಂದು ಕರೆದರು. 2011ರಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಕೂಗಿದ ಘೋಷಣೆಯ ಮೊದಲ ಪದವೂ ಅದೇ: ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ. ಕೊಲ್ಲಿ ನಾಡುಗಳಿಗೆ ಬಂದರೆ ಅದೇ ‘ಐಶ್’ ಅನ್ನವಾಗುತ್ತದೆ. ಉಂಡರೆ ತಾನೇ ಬದುಕು ಎಂದು ಅನ್ನ ಉಣ್ಣುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಬೇರಿನ ಒಂದು ಪದ ಕನ್ನಡದಲ್ಲಿ ದಿನವೂ ಓಡಾಡುತ್ತಿದೆ. ಪತ್ರಿಕೆಗಳಲ್ಲಿ ‘ಐಷಾರಾಮಿ ಬಸ್’, ‘ಐಷಾರಾಮಿ ಬಂಗಲೆ’ ಎಂದು ಓದುತ್ತೇವಲ್ಲ, ಆ ಐಷಾರಾಮ ಪಾರಸಿ ಮತ್ತು ಉರ್ದುವಿನ ‘ಐಶ್ ಓ ಆರಾಮ್’. ಅರಬ್ಬಿಯಲ್ಲಿ ಬರೀ ಬದುಕಾಗಿದ್ದ ಐಶ್, ಪಾರಸಿಯ ದಾರಿಯಾಗಿ ಬರುವಷ್ಟರಲ್ಲಿ ಸುಖದ ಬದುಕಾಯಿತು. ಆಯಿಷಾ ಎಂದರೆ ‘ಸುಖಸಂಪನ್ನೆ’, ‘ಸಮೃದ್ಧಿ’ ಎಂದು ಕೆಲವು ಪಟ್ಟಿಗಳಲ್ಲಿ ಕಾಣುವ ಅರ್ಥಕ್ಕೆ ಈ ಉರ್ದು ನೆರಳೂ ಸೇರಿಕೊಂಡಿದೆ. ಅರಬ್ಬಿ ಮೂಲಕ್ಕೆ ನಿಷ್ಠರಾಗಿ ಹೇಳುವುದಾದರೆ ಬದುಕೇ ಅರ್ಥ.

ಮೂರನೆಯ ಹೆಜ್ಜೆ: ಅಚ್ಚನ್ನು ಗುರುತಿಸಿ

ಬೇರು ಹಿಟ್ಟಾದರೆ ಅದನ್ನು ಒತ್ತುವ ಅಚ್ಚು ಬೇರೆ. ಮೊದಲ ವ್ಯಂಜನಕ್ಕೆ ದೀರ್ಘ ‘ಆ’, ಎರಡನೆಯದಕ್ಕೆ ‘ಇ’, ಕೊನೆಗೆ ಸ್ತ್ರೀಲಿಂಗದ ತಾ ಮರ್ಬೂತಾ: ಇದು ‘ಆ ಕೆಲಸ ಮಾಡುತ್ತಿರುವವಳು’ ಎಂಬ ಅಚ್ಚು. ಖಾಲಿದಾ, ರಾಶಿದಾ, ಸಾಲಿಮಾ, ಫಾತಿಮಾ ಎಲ್ಲ ಇದೇ ಅಚ್ಚಿನವು. ಬದುಕು ಎಂಬ ಬೇರನ್ನು ಇದಕ್ಕೆ ಒತ್ತಿದಾಗ ಬರುವುದು ಆಯಿಷಾ. ‘ಬದುಕು’ ಅಲ್ಲ, ‘ಬದುಕಿದವಳು’ ಅಲ್ಲ, ‘ಬದುಕುತ್ತಿರುವವಳು’. ಆಗ ತಾನೇ ಹುಟ್ಟಿದ ಕೂಸನ್ನು ಹಾಗೆ ಕರೆಯುವುದರಲ್ಲಿ ಹೆಸರೂ ಇದೆ, ಹರಕೆಯೂ ಇದೆ. ನಮ್ಮವರು ‘ಆಯುಷ್ಮತಿಯಾಗು’ ಎಂದು ಹರಸುವುದಕ್ಕೆ ಬಹಳ ಹತ್ತಿರದ ಭಾವ.

ಬೇರಿನ ನಡುವೆ ‘ಯಾ’ ಇದ್ದು ಹೆಸರಿನಲ್ಲಿ ಹಮ್ಝಾ ಹೇಗೆ ಬಂತು ಎಂದು ಚುರುಕಿನ ಓದುಗರು ಕೇಳಬಹುದು. ಯಾ ಒಂದು ದುರ್ಬಲ ಅಕ್ಷರ. ಈ ಅಚ್ಚಿನಲ್ಲಿ ದೀರ್ಘ ಸ್ವರದ ಬೆನ್ನಿಗೆ ಬಂದಾಗ ಅದು ಹಮ್ಝಾ ಆಗಿಬಿಡುತ್ತದೆ. ಇದು ಅರಬ್ಬಿ ವ್ಯಾಕರಣದ ನಿಯಮ. ಕನ್ನಡದಲ್ಲಿ ಹಮ್ಝಾ ಇಲ್ಲ. ಎರಡು ಸ್ವರ ಎದುರಾದಾಗ ನಮ್ಮ ನಾಲಗೆ ‘ಮನೆ’ ಮತ್ತು ‘ಅನ್ನು’ ಸೇರಿಸಿ ‘ಮನೆಯನ್ನು’ ಎನ್ನುವಂತೆ ಒಂದು ಯಕಾರವನ್ನು ತಂದುಕೊಳ್ಳುತ್ತದೆ. ಏಳನೆಯ ತರಗತಿಗೆ ನಾನು ಪಾಠ ಮಾಡಿದ ಯಕಾರಾಗಮ ಸಂಧಿಯೇ ಆಯಿಷಾ ಎಂಬ ಹೆಸರಿನೊಳಗೆ ಕುಳಿತಿದೆ. ಶಿಷ್ಟ ಅರಬ್ಬಿ ಬಿಟ್ಟುಕೊಟ್ಟ ಯಕಾರ ಕನ್ನಡದ ಬಾಯಲ್ಲಿ ಮರಳಿ ಬಂದಿತು. ಅರಬ್ಬರ ಆಡುಮಾತಿನಲ್ಲೂ ಅದು ‘ಆಯ್ಶಾ’ ಆಗಿ ಮರಳಿದೆ.

ಇನ್ನೆರಡು ಅಚ್ಚುಗಳನ್ನು ತಿಳಿದುಕೊಂಡರೆ ಬಹಳ ಹೆಸರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಜಮೀಲಾ, ಕರೀಮಾ, ನಫೀಸಾ, ಹಬೀಬಾಗಳಲ್ಲಿ ನಡುವೆ ದೀರ್ಘ ‘ಈ’ ಇದೆ. ಅದು ಗುಣವನ್ನು ಹೇಳುತ್ತದೆ. ಮೈಮೂನಾ, ಮಹ್ಮೂದಾ, ಮನ್ಸೂರಾಗಳಲ್ಲಿ ‘ಮ’ದಿಂದ ಶುರುವಾಗಿ ನಡುವೆ ‘ಊ’ ಇದೆ. ಅದು ‘ಹಾಗೆ ಮಾಡಲ್ಪಟ್ಟವಳು’ ಎಂಬುದನ್ನು ಹೇಳುತ್ತದೆ. ಮೈಮೂನಾ ಎಂದರೆ ಶುಭ ಪಡೆದವಳು, ಮಹ್ಮೂದಾ ಎಂದರೆ ಹೊಗಳಿಸಿಕೊಂಡವಳು.

ನಾಲ್ಕನೆಯ ಹೆಜ್ಜೆ: ಕಿವಿಗೆ ಒಂದೇ ಎನಿಸುವ ಹೆಸರುಗಳನ್ನು ಬೇರೆ ಮಾಡಿ

ಆಯಿಷಾ ಮತ್ತು ಆಯುಷಿ ಒಂದೇ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಎರಡರಲ್ಲೂ ಬದುಕಿನ ಅರ್ಥ ಇರುವುದರಿಂದ ನಂಬುವುದು ಸಹಜ. ಆದರೆ ಆಯುಷ್ಯದ ‘ಆಯುಸ್’ ಸಂಸ್ಕೃತದ್ದು. ಅರಬ್ಬಿಯ ಐನ್–ಯಾ–ಶೀನ್ ಸೆಮಿಟಿಕ್ ಭಾಷೆಗಳ ಮನೆಯದು. ಎರಡು ಮನೆಗಳಿಗೂ ನೆಂಟಸ್ತಿಕೆ ಇಲ್ಲ. ದಾರಿಯಲ್ಲಿ ಎದುರಾದಾಗ ಮುಖ ಹೋಲುತ್ತದೆ, ಅಷ್ಟೇ. ‘ಐಶ್’ ಎಂದು ಶುರುವಾಗುವ ಐಶ್ವರ್ಯವೂ ಈ ಬೇರಿನದಲ್ಲ, ಅದು ಸಂಸ್ಕೃತದ ಈಶ್ವರನಿಂದ ಬಂದದ್ದು.

ಆಶಾ ಎಂಬ ಹೆಸರಿನ ವಿಷಯ ಇನ್ನೂ ಸೊಗಸಾಗಿದೆ. ಕನ್ನಡದ ಆಶಾ ಸಂಸ್ಕೃತದ ಆಶೆ, ಭರವಸೆ. ಪೂರ್ವ ಆಫ್ರಿಕದ ಸ್ವಾಹಿಲಿ ಮಾತಾಡುವ ಕರಾವಳಿಯಲ್ಲೂ ಆಶಾ ಎಂಬ ಹೆಸರು ಮನೆಮನೆಯಲ್ಲಿದೆ. ಅದು ಆಯಿಷಾದ ಸ್ವಾಹಿಲಿ ರೂಪ. ಇಬ್ಬರು ಆಶಾಗಳು ಮೊಂಬಾಸಾದ ಬಂದರಿನಲ್ಲಿ ಕೈಕುಲುಕಿದರೆ ಒಬ್ಬಳ ಹೆಸರು ಭರವಸೆ, ಇನ್ನೊಬ್ಬಳದು ಬದುಕು. ತುರ್ಕಿಯಲ್ಲೂ ಇಂಥದೇ ಎಡವು ಇದೆ. ಅಲ್ಲಿ ‘ಆಯ್’ ಎಂದರೆ ಚಂದ್ರ. ಐಲಿನ್, ಐಸೆಲ್ ಎಂಬವು ಚಂದ್ರನ ಹೆಸರುಗಳು. ಆದರೆ ಆಯ್ಶೆ ಚಂದ್ರನದಲ್ಲ, ಅದು ಅರಬ್ಬಿಯಿಂದ ಬಂದ ಆಯಿಷಾ.

ಐದನೆಯ ಹೆಜ್ಜೆ: ಆ ಹೆಸರು ಹೊತ್ತು ಬಾಳಿದವರನ್ನು ತಿಳಿಯಿರಿ

ನಿಘಂಟಿನ ಅರ್ಥ ಒಂದು, ಹೆಸರಿಗೆ ಅಂಟಿಕೊಂಡ ನೆನಪು ಇನ್ನೊಂದು. ‘ಆಯಿಷಾ ಎಂದರೆ ಪ್ರವಾದಿಯವರ ಪತ್ನಿ’ ಎಂದು ಅರ್ಥದ ಜಾಗದಲ್ಲಿ ಬರೆದಿರುವುದನ್ನು ನೋಡಿದ್ದೇನೆ. ಅದು ಅರ್ಥವಲ್ಲ. ಆದರೆ ಈ ಹೆಸರನ್ನು ಲೋಕದ ತುಂಬ ಹರಡಿದ್ದು ಆ ನೆನಪೇ.

ಮೊದಲ ಖಲೀಫ ಅಬೂಬಕರ್ ಅವರ ಮಗಳು ಆಯಿಷಾ ಮದೀನಾದಲ್ಲಿ ಕ್ರಿ.ಶ. 678ರಲ್ಲಿ, ಹಿಜರಿ 58ರಲ್ಲಿ ತೀರಿಕೊಂಡರು. ಬಕೀ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅವರಿಂದ ಬಂದ ಹದೀಸ್‌ಗಳ ಲೆಕ್ಕವನ್ನು ಪರಂಪರೆ 2,210 ಎಂದು ಹೇಳುತ್ತದೆ. ಪ್ರವಾದಿಯವರ ಕಾಲದ ಸ್ತ್ರೀಯರಲ್ಲಿ ಬೇರೆ ಯಾರಿಂದಲೂ ಇಷ್ಟು ಬಂದಿಲ್ಲ. ಪ್ರವಾದಿಯವರ ಹಿರಿಯ ಸಂಗಾತಿಗಳು ಗೊಂದಲವಾದಾಗ ಅವರ ಬಳಿಗೆ ಹೋಗಿ ಕೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಅಸ್ಮಾ ಅವರ ಮಗ ಅಬ್ದುಲ್ಲಾನ ಹೆಸರಿನಿಂದ ‘ಉಮ್ಮು ಅಬ್ದುಲ್ಲಾ’, ಅಬ್ದುಲ್ಲಾನ ತಾಯಿ ಎಂದು ಕರೆಸಿಕೊಂಡರು. ‘ಸಿದ್ದೀಕಾ’, ಸತ್ಯವನ್ನು ದೃಢವಾಗಿ ನಂಬುವವಳು, ಎಂಬುದು ಅವರಿಗೆ ಸಂದ ಬಿರುದು. ನಮ್ಮ ಊರುಗಳ ಆಯಿಷಾ ಸಿದ್ದೀಕಾಗಳೆಲ್ಲ ಈ ಜೋಡಿಯನ್ನು ಹೊತ್ತವರು.

ಇಲ್ಲಿ ಒಂದು ತಪ್ಪನ್ನು ತಿದ್ದಬೇಕು. ‘ಕುರ್‌ಆನಿನಲ್ಲಿ ಬರುವ ಹೆಸರು’ ಎಂಬ ಪಟ್ಟಿಗಳಲ್ಲಿ ಆಯಿಷಾ, ಫಾತಿಮಾ, ಖದೀಜಾಗಳನ್ನು ಸೇರಿಸಿರುತ್ತಾರೆ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಸ್ತ್ರೀ ಒಬ್ಬರೇ, ಮರ್ಯಮ್. ‘ನೂರ್’ ಎಂಬ 24ನೆಯ ಅಧ್ಯಾಯದ ಕೆಲವು ವಚನಗಳು ಆಯಿಷಾ ಅವರ ಮೇಲೆ ಬಂದ ಸುಳ್ಳು ಅಪವಾದವನ್ನು ತೊಡೆದುಹಾಕಿದವು ಎಂಬುದು ವ್ಯಾಖ್ಯಾನಕಾರರ ಮಾತು. ಆದರೆ ಅಲ್ಲಿ ಅವರ ಹೆಸರಿಲ್ಲ.

ನೆನಪು ಎಲ್ಲ ಕಡೆಯೂ ಒಂದೇ ಬಗೆಯದಾಗಿರುವುದಿಲ್ಲ ಎಂಬುದನ್ನೂ ಹೇಳಲೇಬೇಕು. 656ರಲ್ಲಿ ಬಸ್ರಾದ ಬಳಿ ನಡೆದ ಒಂಟೆಯ ಯುದ್ಧದಲ್ಲಿ ಆಯಿಷಾ ಅವರು ಪ್ರವಾದಿಯವರ ಅಳಿಯ ಅಲಿಯವರ ಎದುರಿನ ಪಕ್ಷದಲ್ಲಿದ್ದರು. ಆ ಚರಿತ್ರೆಯ ಕಾರಣ ಅಲಿಯವರನ್ನೇ ತಮ್ಮ ಮೊದಲ ಮುಂದಾಳೆಂದು ಮನ್ನಿಸುವ ಶಿಯಾ ಸಮುದಾಯಗಳಲ್ಲಿ, ಹಾಗಾಗಿ ಇರಾನಿನಲ್ಲಿ, ಈ ಹೆಸರು ಅಪರೂಪ. ಅಲ್ಲಿ ಫಾತಿಮಾ, ಝೈನಬ್, ಝಹ್ರಾಗಳಿಗೆ ಮಣೆ. ನಿಮ್ಮ ನಂಟು ಗೌರಿಬಿದನೂರು ತಾಲ್ಲೂಕಿನ ಅಲೀಪುರದಂತಹ ಶಿಯಾ ಊರಿನ ಮನೆಗಳೊಂದಿಗೆ ಇದ್ದರೆ, ಹೆಸರು ನಿಶ್ಚಯ ಮಾಡುವ ಮುನ್ನ ಎರಡೂ ಕಡೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಮಾತಾಡಿ.

ನಂತರದ ಶತಮಾನಗಳ ಆಯಿಷಾಗಳ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ಬಹುಕಾಲದ ನೋವು. ದಮಾಸ್ಕಸ್‌ನ ಆಯಿಷಾ ಬಿಂತ್ ಅಬ್ದುಲ್ ಹಾದಿ, 1413ರಲ್ಲಿ ತೀರಿಕೊಂಡವರು, ಹದೀಸ್ ವಿದ್ವಾಂಸರಲ್ಲಿ ದೊಡ್ಡ ಹೆಸರಾದ ಇಬ್ನ್ ಹಜರ್ ಅವರಿಗೆ ಪಾಠ ಹೇಳಿದವರು. ಅದೇ ಊರಿನ ಆಯಿಷಾ ಅಲ್ ಬಾಊನಿಯಾ ಸೂಫಿ ಕವಿ. ತನ್ನ ಕಾವ್ಯಕ್ಕೆ ತಾನೇ ವ್ಯಾಖ್ಯಾನ ಬರೆದವರು, 1513ರಲ್ಲಿ ಮಗನೊಂದಿಗೆ ಕೈರೋಗೆ ಪಯಣ ಹೊರಟವರು, 1517ರಲ್ಲಿ ತೀರಿಕೊಂಡವರು. ಈಜಿಪ್ಟಿನ ಆಯಿಷಾ ತೈಮೂರ್ (1840–1902) ಅರಬ್ಬಿ, ತುರ್ಕಿ, ಪಾರಸಿ ಮೂರರಲ್ಲೂ ಕವಿತೆ ಬರೆದರು. ನೈಲ್ ನದಿ ಕಡಲು ಸೇರುವ ದಮ್ಯಾತ್‌ನಲ್ಲಿ 1913ರಲ್ಲಿ ಹುಟ್ಟಿದ ಆಯಿಷಾ ಅಬ್ದುರ್ರಹ್ಮಾನ್, ‘ಬಿಂತ್ ಅಶ್ಶಾತೀ’ ಎಂಬ ಅಂಕಿತದಲ್ಲಿ ಬರೆದರು. ದಡದ ಮಗಳು ಎಂದು ಅದರ ಅರ್ಥ. ಕುರ್‌ಆನಿನ ಭಾಷೆ ಮತ್ತು ಶೈಲಿಯ ಮೇಲೆ ಅವರು ಮಾಡಿದ ವ್ಯಾಖ್ಯಾನ ಅರಬ್ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಗೌರವ ಪಡೆಯಿತು. ಮೊರೊಕ್ಕೋದ ರಾಜಕುಮಾರಿ ಲಲ್ಲಾ ಆಯಿಷಾ 1947ರಲ್ಲಿ ಟಾಂಜಿಯರ್ ನಗರದಲ್ಲಿ ಹೆಣ್ಣುಮಕ್ಕಳ ಓದಿನ ಪರವಾಗಿ ಬಹಿರಂಗ ಭಾಷಣ ಮಾಡಿದಾಗ ಅವರಿಗೆ ಇನ್ನೂ ಹದಿಹರೆಯ. ಮುಂದೆ ಅವರು ಲಂಡನ್ನಿನಲ್ಲಿ ತಮ್ಮ ದೇಶದ ರಾಯಭಾರಿಯಾದರು. ಮಗಳಿಗೆ ಈ ಹೆಸರಿಟ್ಟವರು ಇವರ ಕಥೆಗಳನ್ನೂ ಹೇಳಿ ಬೆಳೆಸಿ.

ಆರನೆಯ ಹೆಜ್ಜೆ: ಹೆಸರು ನಡೆದ ದಾರಿಯನ್ನು ನೋಡಿ

ಒಂದು ಹೆಸರು ಎಷ್ಟು ಊರುಗಳಲ್ಲಿ ಸವೆದು ನುಣುಪಾಗಿದೆ ಎಂಬುದು ಅದು ಎಷ್ಟು ಪ್ರೀತಿಯದೆಂಬುದನ್ನು ಹೇಳುತ್ತದೆ. ತುರ್ಕಿಯಲ್ಲಿ ಆಯ್ಶೆ, ಗುಲಾಬಿ ಸೇರಿಸಿ ಆಯ್ಶೆಗುಲ್, ಬೆಳಕು ಸೇರಿಸಿ ಆಯ್ಶೆನೂರ್. ಸೆನೆಗಲ್, ಗಿನಿ ನಾಡುಗಳಲ್ಲಿ ಆಯಿಸ್ಸಾತು. ಬೋಸ್ನಿಯಾದಲ್ಲಿ ಆಯ್ಶಾ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಐಶಾ, ಮುಂದೆ ಗೌರವದ ‘ಸಿತಿ’ ಸೇರಿದರೆ ಸಿತಿ ಐಶಾ. ತುರ್ಕಿಯಲ್ಲಿ ಈ ಹೆಸರು ಎಷ್ಟು ಸಾಮಾನ್ಯ ಎಂದರೆ, 1974ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೈಪ್ರಸ್ ಮಾತುಕತೆ ಮುರಿದು ಬಿದ್ದಾಗ, ವಿದೇಶಾಂಗ ಮಂತ್ರಿ ತುರಾನ್ ಗುನೆಶ್ ಸೈನ್ಯದ ಕಾರ್ಯಾಚರಣೆ ಶುರುವಾಗಲಿ ಎಂಬುದಕ್ಕೆ ಬಳಸಿದ ಗುಪ್ತ ವಾಕ್ಯ ‘ಆಯ್ಶೆ ರಜೆಗೆ ಹೊರಡಲಿ’ ಎಂಬುದಾಗಿತ್ತು. ಅವರ ಮಗಳ ಹೆಸರು ಆಯ್ಶೆ. ದೂರವಾಣಿಯಲ್ಲಿ ಕದ್ದು ಕೇಳಿದವರಿಗೆ ಯಾವುದೋ ಮನೆಯ ಮಾತು ಎನಿಸಬೇಕಿತ್ತು, ಎನಿಸುವಂಥದೇ ಹೆಸರು ಅದು.

ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಅದು ಐಸಮ್ಮ, ಆಯಿಷಮ್ಮ. ಖದೀಜಾ ಖತೀಜಮ್ಮ ಆದಂತೆ, ಫಾತಿಮಾ ಪಾತುಮ್ಮ ಆದಂತೆ, ನಫೀಸಾ ನೆಬಿಸಾ ಆದಂತೆ, ಅರಬ್ಬಿ ಹೆಸರಿಗೆ ಈ ಮಣ್ಣಿನ ‘ಅಮ್ಮ’ ಸೇರಿಕೊಂಡಿತು. ದಖ್ಖನಿ ಉರ್ದುವಿನ ಮನೆಗಳಲ್ಲಿ ಆಯೇಷಾ ಬೇಗಂ, ಆಯಿಷಾ ಬಾನು. ಬಾನು ಪಾರಸಿಯದು, ಬೇಗಂ ತುರ್ಕಿ ಮೂಲದ್ದು, ಎರಡೂ ಗೌರವದ ಪದಗಳು. ಈಗಿನ ತಾಯಂದಿರು ಐಸಮ್ಮ ಎಂಬುದನ್ನು ಹಳೆಯ ಕಾಲದ್ದೆಂದು ಬದಿಗೆ ಸರಿಸುತ್ತಾರೆ. ಅದರ ಸಂಕೋಚ ಬೇಡ ಎಂದು ಕಳಕಳಿಯಿಂದ ಹೇಳುತ್ತೇನೆ. ಆಯ್ಶೆ, ಆಶಾ, ಆಯಿಸ್ಸಾತುಗಳಿಗೆ ಇರುವಷ್ಟೇ ಮಾನ ಐಸಮ್ಮನಿಗೂ ಇದೆ.

ಏಳನೆಯ ಹೆಜ್ಜೆ: ಜನಪ್ರಿಯತೆಯ ಪಟ್ಟಿಗಳನ್ನು ಎಚ್ಚರದಿಂದ ಓದಿ

ಭಾರತದಲ್ಲಿ ವರ್ಷವರ್ಷ ಶಿಶುಗಳ ಹೆಸರಿನ ಅಧಿಕೃತ ಪಟ್ಟಿ ಹೊರಡಿಸುವ ಪದ್ಧತಿ ಇಲ್ಲ. ‘ಭಾರತದಲ್ಲಿ ಇಷ್ಟನೆಯ ಸ್ಥಾನ’ ಎಂದು ಯಾರಾದರೂ ಬರೆದಿದ್ದರೆ ಅದು ಊಹೆ ಎಂದೇ ತಿಳಿಯಿರಿ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚಿನ ಹೆಸರುಗಳ ಲೆಕ್ಕವನ್ನು ಪ್ರಕಟಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಪಟ್ಟಿ ಕೊಡುತ್ತದೆ. ಇವನ್ನು ನಂಬಬಹುದು, ಆದರೆ ಒಂದು ಸಂಗತಿ ನೆನಪಿರಲಿ: ಅಲ್ಲಿ ಪ್ರತಿ ಕಾಗುಣಿತವೂ ಬೇರೆ ಹೆಸರು. ಆಯಿಷಾವನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ. ಒಂದೊಂದೂ ಒಂದೊಂದು ಸಾಲಿನಲ್ಲಿ ಚದುರಿ ಹೋಗಿರುತ್ತದೆ. ಒಂದೇ ಸಾಲು ನೋಡಿ ‘ಈ ಹೆಸರು ಅಪರೂಪ’ ಎಂದರೆ ತಪ್ಪಾಗುತ್ತದೆ; ಎಲ್ಲವನ್ನೂ ಕೂಡಿಸಿ ನೋಡಬೇಕು.

ಏರಿಳಿತಕ್ಕೆ ಕಾರಣಗಳೂ ಊರಿಗೊಂದು. ಅಮೆರಿಕದಲ್ಲಿ 1970ರ ದಶಕದಲ್ಲಿ ಕಪ್ಪು ಜನರು ಆಫ್ರಿಕದ, ಅರಬ್ಬಿಯ ಹೆಸರುಗಳನ್ನು ಹೆಮ್ಮೆಯಿಂದ ಆರಿಸಿಕೊಳ್ಳತೊಡಗಿದಾಗ ಆಯಿಷಾ ಅಲ್ಲಿ ಹರಡಿತು. 1976ರಲ್ಲಿ ಅಲ್ಲಿನ ಗಾಯಕ ಸ್ಟೀವಿ ವಂಡರ್ ತನ್ನ ಪುಟ್ಟ ಮಗಳು ಆಯಿಷಾಳ ಮೇಲೆ ಹಾಡಿದ ಹಾಡಿನಲ್ಲಿ ಅವಳ ಹೆಸರಿನ ಅರ್ಥ ಬದುಕು ಎಂದು ಸರಿಯಾಗಿಯೇ ಹೇಳಿದ್ದಾರೆ.

ಎಂಟನೆಯ ಹೆಜ್ಜೆ: ಒಂದೇ ಕಾಗುಣಿತ, ಎಲ್ಲ ಕಾಗದಗಳಲ್ಲೂ

ಈ ಹೆಜ್ಜೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನನ್ನ ವಿದ್ಯಾರ್ಥಿನಿಯೊಬ್ಬಳ ಹೆಸರು ಜನನ ಪತ್ರದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮೂರನೆಯ ಬಗೆ. ವಿದ್ಯಾರ್ಥಿವೇತನ ಕೈಗೆ ಬರುವಷ್ಟರಲ್ಲಿ ಆ ವರ್ಷವೇ ಮುಗಿದಿತ್ತು. ಕಚೇರಿಯಿಂದ ಕಚೇರಿಗೆ ಅಲೆದ ಅವಳ ತಾಯಿಯ ಮುಖ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಮೊದಲು ಮನೆಯಲ್ಲಿ ಕುಳಿತು ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಕಾಗುಣಿತವನ್ನು ನಿಶ್ಚಯಿಸಿ ಬರೆದಿಡಿ. ಕನ್ನಡದಲ್ಲಿ ಧ್ವನಿಗೆ ಹತ್ತಿರವಾದದ್ದು ‘ಶ’ ಇರುವ ಆಯಿಶಾ. ರೂಢಿಯಲ್ಲಿ ಬೇರೂರಿದ್ದು ‘ಷ’ ಇರುವ ಆಯಿಷಾ. ಎರಡೂ ಸರಿಯೇ, ಎರಡನ್ನೂ ಬಳಸುವುದು ಮಾತ್ರ ತಪ್ಪು. ಇಂಗ್ಲಿಷಿನಲ್ಲಿ ಎ, ಐ, ಎಸ್, ಎಚ್, ಎ ಎಂಬ ಐದಕ್ಷರದ ರೂಪ ಜಗತ್ತಿನ ಹೆಚ್ಚಿನ ಕಡೆ ಗುರುತು ಸಿಗುವಂಥದು. ನಮ್ಮ ಕಡೆ ನಡುವೆ ವೈ ಹಾಕುವ ರೂಪಗಳೂ ಬಹಳ. ಅಜ್ಜಿಯದೋ ಚಿಕ್ಕಮ್ಮನದೋ ಹೆಸರಿನ ಕಾಗುಣಿತ ಮನೆಯಲ್ಲಿ ಈಗಾಗಲೇ ಇದ್ದರೆ ಅದನ್ನೇ ಉಳಿಸಿಕೊಳ್ಳುವುದು ಚೆಂದ.

ಅಖೀಖಾ, ಅಂದರೆ ಮಗು ಹುಟ್ಟಿದ್ದಕ್ಕೆ ಬಲಿ ಕೊಟ್ಟು ಮಾಡುವ ಆಚರಣೆ, ಇರುವ ಮನೆಗಳಲ್ಲಿ ಏಳನೆಯ ದಿನಕ್ಕೆ ಹೆಸರು ಆಗಿರುತ್ತದೆ. ಜನನ ನೋಂದಣಿಗೆ 21 ದಿನಗಳ ಅವಕಾಶ ಇದೆ. ಹೆಸರು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಆತುರಪಡಬೇಡಿ. ಹೆಸರಿಲ್ಲದೆಯೂ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಸೇರಿಸಲು ಅವಕಾಶ ಇದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಆಧಾರ್, ಪಾಸ್‌ಪೋರ್ಟ್ ಮೊದಲಾದವಕ್ಕೆ ಹುಟ್ಟಿದ ದಿನ ಮತ್ತು ಊರಿನ ಪುರಾವೆಯಾಗಿ ಜನನ ಪತ್ರವನ್ನೇ ಕೇಳುತ್ತಾರೆ. ಹಾಗಾಗಿ ಅದರಲ್ಲಿ ಬಿದ್ದ ಅಕ್ಷರವೇ ಮಗುವಿನ ಬೆನ್ನಿಗೆ ಬರುತ್ತದೆ. ಕಚೇರಿಯಲ್ಲಿ ಬಾಯಲ್ಲಿ ಹೇಳಿ ಬರೆಸಬೇಡಿ, ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಕೊಡಿ. ಮುದ್ರಣಕ್ಕೆ ಮುನ್ನ ಪರದೆಯ ಮೇಲೆ ಒಮ್ಮೆ ಓದಿ ನೋಡುತ್ತೇವೆ ಎಂದು ವಿನಯದಿಂದ ಕೇಳಿ.

ಕೊಲ್ಲಿಯಲ್ಲಿ ನೆಂಟರಿರುವ ಮನೆಯವರಿಗೆ ಇನ್ನೊಂದು ಮಾತು. ಹೆಸರು ಒಂದೇ ಪದವಾಗಿರದಂತೆ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಭೇಟಿ ಮತ್ತು ಪ್ರವಾಸಿ ವೀಸಾದಲ್ಲಿ ಒಳಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ಪ್ರಕಟಿಸಿತ್ತು. ಆಯಿಷಾದ ಜೊತೆಗೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಮೊದಲಿನಿಂದಲೇ ಸೇರಿಸಿಬಿಟ್ಟರೆ ಮುಂದೆ ತಿದ್ದುಪಡಿಯ ಓಡಾಟ ಇರುವುದಿಲ್ಲ.

ಕೊನೆಯ ಹೆಜ್ಜೆ: ಕೂಗಿ ನೋಡಿ

ಎಲ್ಲ ಆದ ಮೇಲೆ ಅಂಗಳಕ್ಕೆ ಬಂದು ಹೆಸರನ್ನು ಜೋರಾಗಿ ಕೂಗಿ ನೋಡಿ. ಮಗು ಈ ಹೆಸರನ್ನು ಕಾಗದದ ಮೇಲೆ ಓದುವ ಮೊದಲು ಎಷ್ಟೋ ಸಾವಿರ ಸಲ ಕಿವಿಯಲ್ಲಿ ಕೇಳಲಿದೆ. ಆಯಿಷಾ ದೀರ್ಘದಲ್ಲಿ ಶುರುವಾಗಿ ದೀರ್ಘದಲ್ಲಿ ಮುಗಿಯುತ್ತದೆ; ಗದ್ದೆಯ ಆಚೆ ಬದಿಗೂ ತಲುಪುವ ಹೆಸರು. ಮುದ್ದಿಗೆ ಅದನ್ನು ಹೇಗೆ ಮೊಟಕು ಮಾಡುತ್ತೀರಿ ಎಂಬುದನ್ನೂ ಯೋಚಿಸಿ, ಏಕೆಂದರೆ ಮನೆಯವರು ಮೊಟಕು ಮಾಡದೆ ಬಿಡುವುದಿಲ್ಲ. ಅರಬ್ ಮನೆಗಳಲ್ಲಿ ಅಯ್ಯೂಶ್, ಅಯ್ಯೂಶಾ ಎನ್ನುತ್ತಾರೆ. ನಮ್ಮಲ್ಲಿ ಆಯಿಶು, ಐಸು. ಈ ಮೊಟಕಿಗೂ ಹಳೆಯ ಪರಂಪರೆ ಇದೆ. ಪ್ರವಾದಿಯವರು ಪತ್ನಿಯನ್ನು ಕರೆಯುವಾಗ ಕೊನೆಯ ಅಕ್ಷರ ಬಿಟ್ಟು ‘ಯಾ ಆಯಿಶ್’ ಎಂದದ್ದು ಹದೀಸ್‌ನಲ್ಲಿ ಉಳಿದಿದೆ. ಅರಬ್ಬಿ ವ್ಯಾಕರಣದಲ್ಲಿ ಹೀಗೆ ಮೊಟಕು ಮಾಡಿ ಕರೆಯುವುದಕ್ಕೆ ‘ತರ್ಖೀಮ್’ ಎಂಬ ಹೆಸರೇ ಇದೆ. ದನಿಯನ್ನು ಮೆತ್ತಗೆ ಮಾಡುವುದು ಎಂದು ಅದರ ಅರ್ಥ.